ಅಪ್ಪನ ಕಣ್ಣಿಗೆ ಗೋವಿನಜೋಳದ ಗರಿ ಬಡಿದಿದೆ, ಪಕ್ಕದ ಮನೆಯ ಡ್ರಾಪ್ಸ್ ಹಾಕಿದ್ದೇವೆ

ಮೂರೆಕರೆ, ಹಿರೇಕೆರೂರು ತಾಲ್ಲೂಕು · ನವೆಂಬರ್ 4, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಮಳೆ, ಬೆಲೆ, ಗೊಬ್ಬರದ ಮಾತಿಗಷ್ಟೇ ಇಲ್ಲಿಗೆ ಬರುತ್ತಿದ್ದವನು ಇಂದು ಬೇರೆ ಪ್ರಶ್ನೆ ಹಿಡಿದು ಬಂದಿದ್ದೇನೆ.

ಕಳೆದ ಬುಧವಾರ ತೆನೆ ಮುರಿಯುವಾಗ ಒಣಗಿದ ಗರಿಯ ಅಂಚು ಅಪ್ಪನ ಬಲಗಣ್ಣಿಗೆ ಬಡಿಯಿತು. ಅವರಿಗೆ 61 ವರ್ಷ. ಕೊಡದ ನೀರಿನಲ್ಲಿ ಮುಖ ತೊಳೆದುಕೊಂಡು, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿಕೊಂಡು ಸಂಜೆಯವರೆಗೂ ಕೆಲಸ ಮಾಡಿದರು. ಮರುದಿನ ಕಣ್ಣು ಕೆಂಪಾಗಿತ್ತು. ಪಕ್ಕದ ಮನೆಯ ದೊಡ್ಡಮ್ಮನಿಗೆ ಬೇಸಿಗೆಯಲ್ಲಿ ಪೊರೆಯ ಆಪರೇಷನ್ ಆಗಿತ್ತು. ಉಳಿದಿದ್ದ ಡ್ರಾಪ್ಸ್ ಬಾಟಲಿಯನ್ನು ಅವರೇ ತಂದುಕೊಟ್ಟರು. ಹಾಕಿದ ಮೇಲೆ ಎರಡು ದಿನ ಕೆಂಪು ಇಳಿಯಿತು, ನೋವೂ ತಗ್ಗಿತು. ಔಷಧಿ ನಾಟಿತು ಎಂದುಕೊಂಡೆವು.

ಇಂದು ಬೆಳಿಗ್ಗೆ ಎದ್ದವರು ಬಾಗಿಲ ಬೆಳಕಿಗೆ ಕಣ್ಣು ಬಿಡಲಾರದೆ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಾರೆ. ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಕಪ್ಪು ಗುಡ್ಡೆಯ ಮೇಲೆ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಬಿಳಿ ಚುಕ್ಕೆ ಇದೆ. ಅದರ ಅಂಚು ಹಿಂಜಿದ ಅರಳೆಯ ಹಾಗೆ ಕಾಣುತ್ತದೆ. "ಪೊರೆ ಇರಬೇಕು, ಬಲಿಯಲಿ, ಆಮೇಲೆ ತೆಗೆಸೋಣ" ಎನ್ನುತ್ತಾರೆ ಅಪ್ಪ. ಗುರುವಾರ ಮಾರುಕಟ್ಟೆಗೆ ಲೋಡ್ ಕಳಿಸಬೇಕು. ಅದು ಮುಗಿಸಿ ಶುಕ್ರವಾರ ಹೋದರೆ ನಡೆಯುತ್ತದೆಯೇ?

ನೇತ್ರಾಧಿಕಾರಿ, ಧಾರವಾಡ · ನವೆಂಬರ್ 4, ರಾತ್ರಿ 9.41

ಶುಕ್ರವಾರ ಬೇಡ ತಮ್ಮ. ನಾಳೆ ಮೊದಲ ಬಸ್ಸಿಗೆ ಹುಬ್ಬಳ್ಳಿಯ ಕಣ್ಣಾಸ್ಪತ್ರೆಗೆ ಹೊರಡಿ. ಲೋಡನ್ನು ಅಣ್ಣತಮ್ಮಂದಿರು ಯಾರಾದರೂ ನೋಡಿಕೊಳ್ಳಲಿ.

ಆ ಬಾಟಲಿಯನ್ನು ಈ ಕ್ಷಣದಿಂದ ನಿಲ್ಲಿಸಿ. ಆದರೆ ಎಸೆಯಬೇಡಿ, ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ವೈದ್ಯರು ಅದರ ಮೇಲಿನ ಚೀಟಿಯನ್ನು ಓದಬೇಕು. ಕಣ್ಣಿಗೆ ಬಟ್ಟೆ ಕಟ್ಟಬೇಡಿ. ಒಳಗೆ ಸೋಂಕು ಇದ್ದರೆ ಕಟ್ಟಿದ ಕಣ್ಣು ಅದಕ್ಕೆ ಬೆಚ್ಚಗಿನ ಗೂಡಾಗುತ್ತದೆ. ಬಿಸಿಲಿಗೆ ತಂಪು ಕನ್ನಡಕ ಹಾಕಿದರೆ ಸಾಕು. ಇನ್ನೇನನ್ನೂ ಹಾಕಬೇಡಿ, ಅಂಗಡಿಯದೂ ಬೇಡ, ಮನೆಯದೂ ಬೇಡ.

ಪೊರೆ ಒಂದು ವಾರದಲ್ಲಿ ಬರುವುದಿಲ್ಲ, ನೋಯುವುದಿಲ್ಲ, ಬೆಳಕಿಗೆ ಚುಚ್ಚುವುದೂ ಇಲ್ಲ. ನಾನು ವೈದ್ಯಳಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ 20 ವರ್ಷ ಕಣ್ಣು ಪರೀಕ್ಷೆ ಮಾಡಿದವಳು. ಸುಗ್ಗಿಯ ದಿನಗಳಲ್ಲಿ ಈ ಬಿಳಿ ಚುಕ್ಕೆಯನ್ನು ಬೇಕಾದಷ್ಟು ಸಲ ಕಂಡಿದ್ದೇನೆ.

ಸವಣೂರು ಎಲೆಬಳ್ಳಿ · ನವೆಂಬರ್ 4, ರಾತ್ರಿ 10.15

ಎಲ್ಲದಕ್ಕೂ ಹುಬ್ಬಳ್ಳಿಗೆ ಓಡಿದರೆ ಒಕ್ಕಲುತನ ಮಾಡುವುದು ಯಾವಾಗ? ನಮ್ಮ ಅಜ್ಜಿ ನಂದಿಬಟ್ಟಲು ಹೂವನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಆ ನೀರಿನಿಂದ ಕಣ್ಣು ತೊಳೆಯುತ್ತಿದ್ದಳು. ಹರಳೆಣ್ಣೆ ಒಂದು ಹನಿ ಬಿಟ್ಟರೆ ಉರಿ ಇಳಿಯುತ್ತಿತ್ತು. ಹೊನಗೊನ್ನೆ ಸೊಪ್ಪಿನ ಪಲ್ಯ ವಾರಕ್ಕೆರಡು ಸಲ. ಅವಳು 84 ವರ್ಷ ಬದುಕಿದಳು, ಸೂಜಿಗೆ ತಾನೇ ದಾರ ಪೋಣಿಸುತ್ತಿದ್ದಳು.

ನೇತ್ರಾಧಿಕಾರಿ, ಧಾರವಾಡ · ನವೆಂಬರ್ 4, ರಾತ್ರಿ 10.32

ಹೊನಗೊನ್ನೆ ತಿನ್ನಿ ಅಣ್ಣನವರೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಹಸಿರು ಸೊಪ್ಪು, ನುಗ್ಗೆ, ಗಜ್ಜರಿ, ಮಾವು, ಪಪ್ಪಾಯಿಗಳಿಂದ ದೇಹ 'ಎ' ಜೀವಸತ್ವ ಮಾಡಿಕೊಳ್ಳುತ್ತದೆ. ಅದು ಕಡಿಮೆಯಾದ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ. ಹೊಟ್ಟೆಯ ದಾರಿ ಬೇರೆ, ಕಣ್ಣಿನ ದಾರಿ ಬೇರೆ. ರಾತ್ರಿಯಿಡೀ ನೆನೆದ ಹೂವಿನ ನೀರಿನಲ್ಲಿ ಹೂವಿನ ಗುಣವೊಂದೇ ಇರುವುದಿಲ್ಲ, ಗಿಡದ ಮೇಲೆ ಕುಳಿತಿದ್ದ ಸೂಕ್ಷ್ಮಜೀವಿಗಳೂ ಇರುತ್ತವೆ. ಗೀರಿದ ಕಣ್ಣಿಗೆ ಅದನ್ನು ಬಿಟ್ಟರೆ ಗಾಯಕ್ಕೆ ಮಣ್ಣು ಒತ್ತಿದಂತೆ.

ಮೂರೆಕರೆ, ಹಿರೇಕೆರೂರು ತಾಲ್ಲೂಕು · ನವೆಂಬರ್ 5, ಸಂಜೆ 6.50

ಹುಬ್ಬಳ್ಳಿಯಿಂದಲೇ ಬರೆಯುತ್ತಿದ್ದೇನೆ. ಅಪ್ಪನನ್ನು ಒಳಗೆ ದಾಖಲು ಮಾಡಿಕೊಂಡಿದ್ದಾರೆ.

ಗದ್ದವನ್ನು ಒಂದು ಪಟ್ಟಿಯ ಮೇಲೆ ಇರಿಸಿ, ಹಣೆಯನ್ನು ಇನ್ನೊಂದಕ್ಕೆ ಒತ್ತಿಸಿದರು. ಅರಿಶಿನ ಬಣ್ಣದ ಸಣ್ಣ ಕಾಗದದ ಪಟ್ಟಿಯನ್ನು ರೆಪ್ಪೆಯ ಒಳಗೆ ತಾಗಿಸಿ ನೀಲಿ ಬೆಳಕು ಬಿಟ್ಟರು. ಗಾಯವಾದ ಕಡೆ ಮಾತ್ರ ಹಸಿರಾಗಿ ಹೊಳೆಯಿತು. ಬರಿಗಣ್ಣಿಗೆ ಸಾಸಿವೆಯಷ್ಟಿದ್ದದ್ದು ಅಲ್ಲಿ ಹೆಸರುಕಾಳಿನಷ್ಟು ಅಗಲ ಕಂಡಿತು, ಪಕ್ಕದಲ್ಲಿ ಇನ್ನೆರಡು ಸಣ್ಣ ಚುಕ್ಕೆಗಳು. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಚುಕ್ಕೆಯ ಅಂಚನ್ನು ನಯವಾಗಿ ಕೆರೆದು ಗಾಜಿನ ಪಟ್ಟಿಗೆ ಸವರಿ ಕಳಿಸಿದರು. ಒಂದು ಗಂಟೆಯೊಳಗೆ ಶಿಲೀಂಧ್ರ ಎಂದು ಹೇಳಿದರು. ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು, ಹರಿದ ನೂಲಿನ ತುಂಡುಗಳು ಬಿದ್ದಂತೆ ಇತ್ತು.

ಬಾಟಲಿಯ ಚೀಟಿ ಓದಿದ ಡಾಕ್ಟರು ಅದನ್ನು ಮೇಜಿನ ಮೇಲಿಟ್ಟು "ಇದರಲ್ಲಿ ಸ್ಟೀರಾಯ್ಡ್ ಇದೆ" ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ದೊಡ್ಡಮ್ಮನ ಕಣ್ಣಿಗೆ ಒಳ್ಳೆಯದು ಮಾಡಿದ ಔಷಧಿ ಅಪ್ಪನ ಕಣ್ಣಿಗೆ ಕೆಟ್ಟದ್ದು ಮಾಡಿದ್ದು ಹೇಗೆ?

ನೇತ್ರಾಧಿಕಾರಿ, ಧಾರವಾಡ · ನವೆಂಬರ್ 5, ರಾತ್ರಿ 8.05

ದೊಡ್ಡಮ್ಮನ ಮೇಲೆ ಸಿಟ್ಟು ಬೇಡ. ಪೊರೆಯ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಆ್ಯಂಟಿಬಯಾಟಿಕ್ ಮತ್ತು ಸ್ಟೀರಾಯ್ಡ್ ಎರಡೂ ಇರುವ ಡ್ರಾಪ್ಸ್ ಕೊಡುತ್ತಾರೆ. ಕತ್ತರಿಸಿದ ಕಣ್ಣು ಊದಿಕೊಳ್ಳದಿರಲಿ ಎಂದು ಸ್ಟೀರಾಯ್ಡ್. ನಾಲ್ಕರಿಂದ ಆರು ವಾರಗಳಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸುತ್ತಾರೆ. ಅಲ್ಲಿಗೆ ಆ ಬಾಟಲಿಯ ಕೆಲಸ ಮುಗಿಯಿತು. ಮುಚ್ಚಳ ತೆರೆದು ಒಂದು ತಿಂಗಳಾದ ಮೇಲೆ ಅದು ಔಷಧಿಯೂ ಅಲ್ಲ.

ಕಪ್ಪು ಗುಡ್ಡೆಯ ಮುಂದೆ ಇರುವ ಕಾರ್ನಿಯಾ ಗಡಿಯಾರದ ಗಾಜಿನ ಹಾಗೆ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಒಳಗೆ ರಕ್ತನಾಳವಿಲ್ಲ. ಗೋವಿನಜೋಳದ ತೆನೆ ಕೊಳೆಸುವ ಫ್ಯುಸೇರಿಯಂ ನಿಮಗೆ ಗೊತ್ತಿರಬೇಕು. ಅದೇ ಕುಲದ ಶಿಲೀಂಧ್ರಗಳು ಗರಿಯ ಮೇಲೂ ಸೊಪ್ಪೆಯ ಧೂಳಿನಲ್ಲೂ ಇರುತ್ತವೆ. ಗರಿ ಗೀರಿದಾಗ ಬೀಜ ಬಿತ್ತಿದಂತಾಯಿತು. ಕಣ್ಣು ಕೆಂಪಾದದ್ದು, ನೋಯ್ದದ್ದು ದೇಹ ಅದರೊಡನೆ ಜಗಳಕ್ಕೆ ನಿಂತದ್ದರಿಂದ. ಸ್ಟೀರಾಯ್ಡ್ ಆ ಜಗಳವನ್ನು ನಿಲ್ಲಿಸಿತು. ಎರಡು ದಿನ ಕೆಂಪು ಇಳಿಯಿತು ಎಂದಿರಲ್ಲ, ಆಗ ಗುಣವಾಗುತ್ತಿರಲಿಲ್ಲ. ಕಾವಲುಗಾರ ಮಲಗಿದ್ದ, ಕಳ್ಳ ಒಳಗೆ ನಡೆಯುತ್ತಿದ್ದ.

ಇನ್ನು ಬಹುಶಃ ಶಿಲೀಂಧ್ರ ಕೊಲ್ಲುವ ನಾಟಾಮೈಸಿನ್ ಡ್ರಾಪ್ಸ್ ಕೊಡುತ್ತಾರೆ. ಹಾಲಿನಂತೆ ಬೆಳ್ಳಗಿರುತ್ತದೆ, ತಳದಲ್ಲಿ ಗಸಿ ಕೂರುತ್ತದೆ, ಪ್ರತಿ ಸಲವೂ ಚೆನ್ನಾಗಿ ಅಲುಗಾಡಿಸಬೇಕು. ಮೊದಲು ಗಂಟೆಗೊಮ್ಮೆ. ವಾರಗಟ್ಟಲೆ ಹಿಡಿಯುತ್ತದೆ. ಬೇಸರದಿಂದ ನಡುವೆ ಬಿಟ್ಟವರೇ ಹೆಚ್ಚು ಕಳೆದುಕೊಳ್ಳುತ್ತಾರೆ.

ಮಾಳಮಡ್ಡಿ ಮಾಸ್ತರ್ · ನವೆಂಬರ್ 6, ಬೆಳಿಗ್ಗೆ 7.30

ಆ "ಬಲಿಯಲಿ" ಎಂಬ ಮಾತು ಎಲ್ಲಿಂದ ಬಂತು ಎಂದು ಹೇಳುತ್ತೇನೆ. ನಾನು ಚಿಕ್ಕವನಿದ್ದಾಗ ಡಾಕ್ಟರ್ ಎಂ. ಸಿ. ಮೋದಿಯವರ ಶಿಬಿರ ಎಂದರೆ ಜಾತ್ರೆ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದವರು, 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ. ಊರೂರಿಗೆ ಹೋಗಿ ಸಾಲಾಗಿ ಮಲಗಿಸಿ ಪೊರೆ ತೆಗೆಯುತ್ತಿದ್ದರು. ಶಾಲೆಯ ಕೋಣೆಗಳಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕರು ದಿನಗಟ್ಟಲೆ ಅಲುಗಾಡದೆ ಮಲಗಿರುತ್ತಿದ್ದರು. ನನ್ನ ಸೋದರತ್ತೆಯೂ ಹಾಗೆ ಮಲಗಿದ್ದವಳು. ಆಗಿನ ಪದ್ಧತಿಯಲ್ಲಿ ಕಣ್ಣಿನ ಮಸೂರವನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು, ಬದಲಿಗೆ ಒಳಗೆ ಏನನ್ನೂ ಇಡುತ್ತಿರಲಿಲ್ಲ. ಆಮೇಲೆ ಜೀವನಪೂರ್ತಿ ಸೋಡಾ ಬಾಟಲಿಯ ತಳದಂಥ ಚಾಳೀಸು. ಸ್ವಲ್ಪ ಮಂಜಾದ ಕಣ್ಣಿಗೆ ಆ ಕಷ್ಟ ಯಾಕೆ, ಪೂರ್ತಿ ಕಾಣದಾಗಲಿ ಎಂದು ಕಾಯಿಸುತ್ತಿದ್ದುದರಲ್ಲಿ ಅರ್ಥವಿತ್ತು.

ಕೃತಕ ಮಸೂರದ ಕಥೆ ಇನ್ನೊಂದು ಚಂದ. ಯುದ್ಧವಿಮಾನದ ಕಿಟಕಿಯ ಅಕ್ರಿಲಿಕ್ ಚೂರುಗಳು ಪೈಲಟ್‌ಗಳ ಕಣ್ಣಿನೊಳಗೆ ಸಿಕ್ಕಿಕೊಂಡರೂ ಕಣ್ಣು ಅವುಗಳ ಮೇಲೆ ಮುನಿಯಲಿಲ್ಲ ಎಂಬುದನ್ನು ಹೆರಾಲ್ಡ್ ರಿಡ್ಲಿ ಎಂಬ ವೈದ್ಯ ಗಮನಿಸಿದ. 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅಂಥದ್ದೇ ವಸ್ತುವಿನ ಮಸೂರವನ್ನು ಕಣ್ಣಿನಲ್ಲಿ ಕೂರಿಸಿದ. ಅಂಥ ಮಸೂರ ಎಲ್ಲೆಡೆ ಬಳಕೆಗೆ ಬಂದ ಮೇಲೆ ಕಾಯುವ ಕಾರಣ ಹೋಯಿತು, ಮಾತು ಮಾತ್ರ ಉಳಿಯಿತು. ಈಗ ಕಾಯಿಸಿದರೆ ಪೊರೆ ಗಟ್ಟಿಯಾಗಿ ಆಪರೇಷನ್ ಕಷ್ಟವಾಗುತ್ತದೆ. ಅತಿ ಬಲಿತರೆ ಉಬ್ಬಿಯೋ ಒಡೆದು ಸೋರಿಯೋ ಕಣ್ಣಿನ ಒತ್ತಡವನ್ನು ಏರಿಸಿ ದೃಷ್ಟಿನರವನ್ನೇ ಸುಡುತ್ತದೆ.

ಬೆಟಗೇರಿ ಮಗ್ಗ · ನವೆಂಬರ್ 6, ಮಧ್ಯಾಹ್ನ 2.10

ಮಾಸ್ತರರೇ, ಪೊರೆಯ ಮಾತು ಬಂತು ಎಂದು ನನ್ನದೂ ಹೇಳುತ್ತೇನೆ. ನನಗೆ ಗೊತ್ತಾದದ್ದು ಕಣ್ಣಿನಿಂದ ಅಲ್ಲ, ಸೀರೆಯಿಂದ. ಹಾಸಿನಲ್ಲಿ ಒಂದು ಎಳೆ ಹರಿದದ್ದು ಕಾಣದೆ ಒಂದು ಮೊಳ ನೇಯ್ದುಬಿಟ್ಟಿದ್ದೆ. ಸಾಹುಕಾರರು ಬೆರಳಿಟ್ಟು ತೋರಿಸಿದ ಮೇಲೂ ನನಗೆ ಕಾಣಲಿಲ್ಲ.

ಆಪರೇಷನ್ನಿಗೆ ಮುಂಚೆ ಯಾವ ಮಸೂರ ಎಂದು ಕೇಳಿದರು. ದುಬಾರಿಯದು ಒಳ್ಳೆಯದಿರಬೇಕು ಎಂದುಕೊಂಡೇ ಹೋಗಿದ್ದೆ. ನನ್ನ ಪುಣ್ಯ, ಆ ಡಾಕ್ಟರು ಮೊದಲು ಕೇಳಿದ್ದು "ಏನು ಕೆಲಸ ಮಾಡುತ್ತೀರಿ?" ಎಂದು. ಮಗ್ಗ ಎಂದೆ. ಕುಳಿತಲ್ಲಿಂದ ಎಳೆಗೆ ಎಷ್ಟು ದೂರ ಎಂದು ಕೈ ಚಾಚಿಸಿ ಅಳೆದರು. ಸಾದಾ ಮಸೂರವನ್ನೇ ಆ ದೂರಕ್ಕೆ ಹೊಂದುವಂತೆ ಲೆಕ್ಕ ಹಾಕಿ ಕೂರಿಸಿದರು. ಈಗ ಮಗ್ಗದ ಮುಂದೆ ಕನ್ನಡಕ ಬೇಡ, ಬಸ್ಸಿನ ಬೋರ್ಡ್ ಓದಲು ಬೇಕು. ನನಗೆ ಅದೇ ಸರಿ, ಬಸ್ಸು ವಾರಕ್ಕೊಮ್ಮೆ, ಎಳೆ ದಿನವಿಡೀ. ನನ್ನ ಷಡ್ಡಕ ದೂರ ಹತ್ತಿರ ಎರಡೂ ಕಾಣುವ ಮಸೂರ ಹಾಕಿಸಿಕೊಂಡ, ಲಾರಿ ಓಡಿಸುವವನು. ರಾತ್ರಿ ಎದುರು ಬರುವ ದೀಪಗಳ ಸುತ್ತ ಬಳೆ ಬಳೆ ಕಾಣುತ್ತದೆ ಎಂದು ಈಗ ಗೋಳಾಡುತ್ತಾನೆ.

ಒಂದು ಸಂಶಯ. ಎರಡು ವರ್ಷದ ಮೇಲೆ ಮತ್ತೆ ಮಸುಕಾಗುತ್ತಿದೆ. ಪೊರೆ ಮರಳಿ ಬರುತ್ತದೆಯೇ?

ನೇತ್ರಾಧಿಕಾರಿ, ಧಾರವಾಡ · ನವೆಂಬರ್ 6, ಸಂಜೆ 5.45

ತೆಗೆದ ಪೊರೆ ಬರುವುದಿಲ್ಲ. ಮಸೂರವನ್ನು ಕೂರಿಸಿದ ತೆಳು ಚೀಲದ ಹಿಂಗೋಡೆ ಮಸುಕಾಗಿರಬಹುದು. ಯಾಗ್ ಲೇಸರ್‌ನಿಂದ ಅದರ ನಡುವೆ ಕಿಂಡಿ ಮಾಡುತ್ತಾರೆ. ಕೆಲವೇ ನಿಮಿಷದ ಕೆಲಸ, ಕತ್ತರಿಸುವುದಿಲ್ಲ, ಹೊಲಿಗೆ ಇಲ್ಲ. ಆದರೆ ಕಾರಣ ಅದೇ ಎಂದು ನೋಡಿದವರು ಹೇಳಬೇಕು. ಸಕ್ಕರೆ ಕಾಯಿಲೆ ಇದ್ದರೆ ಹಿಂಭಾಗದ ಅಕ್ಷಿಪಟಲವನ್ನೂ ನೋಡಿಸಿ.

ಉಣಕಲ್ ಕೆರೆ ನಡಿಗೆ · ನವೆಂಬರ್ 6, ರಾತ್ರಿ 9.00

ಸಕ್ಕರೆ ಎಂದಿರಿ, ಅದಕ್ಕೆ ಒಂದು ಮಾತು. 14 ವರ್ಷ ಮಾತ್ರೆ ನುಂಗಿದೆ, ಕಣ್ಣು ಚೆನ್ನಾಗಿಯೇ ಕಾಣುತ್ತದಲ್ಲ ಎಂದು ಒಮ್ಮೆಯೂ ತೋರಿಸಲಿಲ್ಲ. ಒಂದು ದಿನ ಎಡಗಣ್ಣಿನಲ್ಲಿ ಮಸಿ ಚೆಲ್ಲಿದಂತೆ ಕಪ್ಪು ಇಳಿಯಿತು. ಒಳಗೆ ರಕ್ತ ಸೋರಿತ್ತು. ಲೇಸರ್ ಆಯಿತು, ಕಣ್ಣಿನೊಳಗೆ ಇಂಜೆಕ್ಷನ್‌ಗಳೂ ಆದವು. ಇಂಜೆಕ್ಷನ್ ಕೇಳಿದಷ್ಟು ಘೋರವಲ್ಲ, ಮರಗಟ್ಟಿಸುತ್ತಾರೆ. ಉಳಿದದ್ದು ಉಳಿಯಿತು, ಹೋದದ್ದು ಪೂರ್ತಿ ಬರಲಿಲ್ಲ. ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ನೋಡಿಸಿಕೊಳ್ಳಿ. ಆ ದಿನ ಸ್ಕೂಟರ್ ಮನೆಯಲ್ಲೇ ಇರಲಿ, ನಾಲ್ಕೈದು ಗಂಟೆ ಬಿಸಿಲು ಕಣ್ಣಿಗೆ ಈಟಿಯಂತೆ ಚುಚ್ಚುತ್ತದೆ.

ಗದಗ, ಇಬ್ಬರು ಮಕ್ಕಳ ತಾಯಿ · ನವೆಂಬರ್ 7, ಮಧ್ಯಾಹ್ನ 12.40

ಮೂರೆಕರೆ ಅಣ್ಣನವರ ಬಾಟಲಿಯ ಮಾತು ಓದಿದ ಮೇಲೆ ಕೈಕಾಲು ತಣ್ಣಗಾಯಿತು. ನಮ್ಮ ಮನೆಯಲ್ಲೂ ಒಂದು ಬಾಟಲಿಯ ಕಥೆಯಿದೆ.

ದೊಡ್ಡವನಿಗೆ ಆಗ 9 ವರ್ಷ. ಬೇಸಿಗೆ ಬಂತೆಂದರೆ ಎರಡೂ ಕಣ್ಣು ಉಜ್ಜುವುದು, ನೂಲಿನಂಥ ಅಂಟು ಪಿಸುರು. ಧೂಳಿನ ಅಲರ್ಜಿ ಎಂದು ವೈದ್ಯರು ಡ್ರಾಪ್ಸ್ ಬರೆದುಕೊಟ್ಟು, ಎರಡು ವಾರ ಹಾಕಿ ಬನ್ನಿ ಎಂದಿದ್ದರು. ಎರಡೇ ದಿನದಲ್ಲಿ ತುರಿಕೆ ಮಾಯ. ಮರಳಿ ಹೋಗಲಿಲ್ಲ. ತುರಿಕೆ ಬಂದಾಗಲೆಲ್ಲ ಅದೇ ಹಳೆಯ ಚೀಟಿಯನ್ನು ಅಂಗಡಿಯಲ್ಲಿ ತೋರಿಸಿ ಅದೇ ಬಾಟಲಿ ತಂದೆ. ಎಂಟು ತಿಂಗಳು. ಅಂಗಡಿಯವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಹುಡುಗ ನಡೆಯುವಾಗ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದ. ತುಂಟತನ ಎಂದು ಒಂದೆರಡು ಸಲ ಗದರಿದೆ. ಶಾಲೆಯ ತಪಾಸಣೆಯಲ್ಲಿ ಸಂಶಯ ಬಂದು ಕಳಿಸಿದರು. ಕಣ್ಣಿನ ಒತ್ತಡ 34 ಇತ್ತು. ಸಾಮಾನ್ಯವಾಗಿ 10ರಿಂದ 21 ಇರುತ್ತದಂತೆ.

ಒತ್ತಡ ಏರಿ ದೃಷ್ಟಿನರ ಕೆಡುವ ಗ್ಲಾಕೋಮಾ ಎಂಬ ಹೆಸರನ್ನು ಮುದುಕರ ಕಾಯಿಲೆ ಎಂದು ಕೇಳಿದ್ದೆ. ನನ್ನ ಮಗನಿಗೆ ಅದು ಆ ಡ್ರಾಪ್ಸ್‌ನಲ್ಲಿದ್ದ ಸ್ಟೀರಾಯ್ಡ್‌ನಿಂದ ಬಂತು. ನೋವಿಲ್ಲ, ಕೆಂಪಿಲ್ಲ, ನೇರ ನೋಟ ಸ್ವಚ್ಛ. ಅಂಚಿನ ನೋಟ ಮಾತ್ರ ಸದ್ದಿಲ್ಲದೆ ಕರಗಿತ್ತು. ಸ್ಟೀರಾಯ್ಡ್ ನಿಲ್ಲಿಸಿ, ಒತ್ತಡ ಇಳಿಸುವ ಡ್ರಾಪ್ಸ್ ಹಾಕಿದ ಮೇಲೆ ಈಗ 16ರ ಹತ್ತಿರ ನಿಂತಿದೆ. ಹೋದ ಅಂಚು ಮರಳಿ ಬರುವುದಿಲ್ಲ. ಅಲರ್ಜಿಗೆ ಈಗ ಬೇರೆ ಡ್ರಾಪ್ಸ್, ತಣ್ಣೀರ ಬಟ್ಟೆ, ಹೊರಗೆ ಹೋಗುವಾಗ ಟೋಪಿ. ಅಂಧ ಮಕ್ಕಳು ಸಂಗೀತ ಕಲಿಯುವ ವೀರೇಶ್ವರ ಪುಣ್ಯಾಶ್ರಮದ ಮುಂದೆ ಹಾಯುವಾಗ ಒಳಗಿನಿಂದ ಮಕ್ಕಳ ಹಾಡು ಕೇಳಿದರೆ ಮೊದಲೆಲ್ಲ ನಿಂತು ಕೇಳುತ್ತಿದ್ದೆ. ಈಗ ಅವನ ಕೈ ಹಿಡಿದುಕೊಂಡು ಬೇಗ ಬೇಗ ನಡೆಯುತ್ತೇನೆ. ತಪ್ಪು ಎಂದು ಗೊತ್ತು.

ನೇತ್ರಾಧಿಕಾರಿ, ಧಾರವಾಡ · ನವೆಂಬರ್ 7, ಸಂಜೆ 4.20

ತಂಗಿ, 16ಕ್ಕೆ ನಿಲ್ಲಿಸಿದ್ದೀರಿ, ಅದು ಸಣ್ಣ ಮಾತಲ್ಲ. ಒತ್ತಡ ಸರಿಯಾಯಿತು ಎಂದು ತಪಾಸಣೆ ತಪ್ಪಿಸಬೇಡಿ. ತಮ್ಮಂದಿರಿಗೂ ಅಣ್ಣಂದಿರಿಗೂ ಹೇಳುವುದು: ಒತ್ತಡ ಇಳಿಸುವ ಡ್ರಾಪ್ಸ್‌ಗಳಲ್ಲೂ ಎಲ್ಲವೂ ಎಲ್ಲರಿಗೂ ಹೊಂದುವುದಿಲ್ಲ. ಟಿಮೊಲಾಲ್ ಎಂಬುದು ಕಣ್ಣಿಗೆ ಹಾಕಿದರೂ ಉಬ್ಬಸ ಇದ್ದವರ ಉಸಿರು ಕಟ್ಟಿಸಬಲ್ಲದು. ದಮ್ಮು ಇದ್ದರೆ ಕಣ್ಣಿನ ಡಾಕ್ಟರಿಗೂ ಹೇಳಿ.

ರಾಣೇಬೆನ್ನೂರು ಹತ್ತಿಬೀಜ · ನವೆಂಬರ್ 7, ರಾತ್ರಿ 8.15

ಹಾಗಾದರೆ ಕಣ್ಣುಬೇನೆ ಬಂದಾಗ ಏನು ಮಾಡಬೇಕು? 2023ರ ಮಳೆಗಾಲದಲ್ಲಿ ನಮ್ಮ ಓಣಿಯಲ್ಲಿ ಒಂದು ಮನೆಯೂ ಬಿಡದಂತೆ ಬಂದಿತ್ತು. ಎಲ್ಲರೂ ಅಂಗಡಿಯ ಡ್ರಾಪ್ಸ್‌ನಿಂದಲೇ ಗುಣವಾದೆವು.

ನೇತ್ರಾಧಿಕಾರಿ, ಧಾರವಾಡ · ನವೆಂಬರ್ 7, ರಾತ್ರಿ 8.40

ಡ್ರಾಪ್ಸ್ ಇಲ್ಲದಿದ್ದರೂ ಹೆಚ್ಚಿನವರು ಗುಣವಾಗುತ್ತಿದ್ದರು. ಹೆಚ್ಚಾಗಿ ಅಡಿನೋದಂಥ ವೈರಸ್ಸುಗಳಿಂದ ಬರುತ್ತದೆ, ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ನೋಡಿದರೆ ಅಂಟುವುದಿಲ್ಲ, ಕೈ, ಟವೆಲ್, ದಿಂಬಿನಿಂದ ಅಂಟುತ್ತದೆ. ಮರಳು ಬಿದ್ದಂತೆ ಕರಕರ, ಪಿಸುರು, ಆದರೆ ಒರೆಸಿಕೊಂಡರೆ ಕಾಣುತ್ತದೆ. ಕಣ್ಣು ಕೆಂಪಾಗಿದ್ದು ಜೊತೆಗೆ ನೋವೋ, ಬೆಳಕಿಗೆ ಚುಚ್ಚುವುದೋ, ಮಂಜೋ, ಬಿಳಿ ಚುಕ್ಕೆಯೋ ಇದ್ದರೆ ಅದನ್ನು ಕಣ್ಣುಬೇನೆ ಎಂದು ಕರೆಯಬೇಡಿ.

ಸವಣೂರು ಎಲೆಬಳ್ಳಿ · ನವೆಂಬರ್ 8, ಬೆಳಿಗ್ಗೆ 6.50

ಅಕ್ಕನವರೇ, ಮೊನ್ನೆ ಸ್ವಲ್ಪ ಬಿರುಸಾಗಿ ಬರೆದೆ. ರಾತ್ರಿ ಮಲಗಿ ಯೋಚಿಸಿದಾಗ ನನ್ನ ತಂಗಿಯ ಮಗನ ನೆನಪಾಯಿತು. ಎಲೆಯಡಿಕೆಯ ಚೀಲದಲ್ಲಿದ್ದ ಸುಣ್ಣದ ಪ್ಯಾಕೆಟ್ಟನ್ನು ಹಿಸುಕಿದ, ಅದು ಸಿಡಿದು ಕಣ್ಣಿಗೆ ಬಿತ್ತು. ನಾವು ಎಣ್ಣೆ ಹಾಕಿ ಒಂದು ಗಂಟೆಯ ಮೇಲೆ ಆಸ್ಪತ್ರೆಗೆ ಒಯ್ದೆವು. ಆ ಕಣ್ಣಿನಲ್ಲಿ ಈಗ ಹೂ ಬಿದ್ದಿದೆ, ಬಿಳಿ ಕಲೆ. ಅವತ್ತು ಏನು ಮಾಡಬೇಕಿತ್ತು?

ನೇತ್ರಾಧಿಕಾರಿ, ಧಾರವಾಡ · ನವೆಂಬರ್ 8, ಬೆಳಿಗ್ಗೆ 7.25

ನೀರು. ಸುಣ್ಣ, ಆ್ಯಸಿಡ್, ಕೀಟನಾಶಕದಂಥ ರಾಸಾಯನಿಕ ಯಾವುದು ಬಿದ್ದರೂ ಆಸ್ಪತ್ರೆಗಿಂತ ನೀರು ಮೊದಲು. ಮಗುವನ್ನು ತೊಡೆಯ ಮೇಲೆ ಮಲಗಿಸಿ, ರೆಪ್ಪೆ ಅಗಲಿಸಿ ಹಿಡಿದು, ಕುಡಿಯುವ ನೀರನ್ನು ತಂಬಿಗೆಯಿಂದ ಸಣ್ಣ ಧಾರೆಯಾಗಿ ಅರ್ಧ ಗಂಟೆ ಬಿಡುತ್ತಲೇ ಇರಬೇಕು. ಸುಣ್ಣದ ಕಣ ಕಂಡರೆ ಒದ್ದೆ ಹತ್ತಿಯ ತುದಿಯಿಂದ ತೆಗೆಯಬೇಕು. ಮಗು ಅಳುತ್ತದೆ, ಒದೆಯುತ್ತದೆ, ಬಿಡಬಾರದು. ಆಮೇಲೆ ಆಸ್ಪತ್ರೆ. ಸುಣ್ಣ ಬಿದ್ದಲ್ಲೇ ನಿಲ್ಲುವುದಿಲ್ಲ, ಒಳಗೆ ಕೊರೆಯುತ್ತಾ ಹೋಗುತ್ತದೆ. ನಿಮಗೆ ಆಗ ಯಾರೂ ಹೇಳಿರಲಿಲ್ಲ ಅಣ್ಣನವರೇ.

ಆ ಹುಡುಗನನ್ನು ಕಾರ್ನಿಯಾ ತಜ್ಞರಿಗೆ ಒಮ್ಮೆ ತೋರಿಸಿ. ಸುಣ್ಣ ಸುಟ್ಟ ಕಣ್ಣಿಗೆ ಕಾರ್ನಿಯಾ ಕಸಿ ಸುಲಭವಲ್ಲ, ಆದರೆ ಆಗುವುದೇ ಇಲ್ಲ ಎಂದು ನಾವಾಗಿಯೇ ತೀರ್ಮಾನಿಸುವುದು ಬೇಡ.

ಮಾಳಮಡ್ಡಿ ಮಾಸ್ತರ್ · ನವೆಂಬರ್ 8, ಬೆಳಿಗ್ಗೆ 9.10

ಕಸಿಗೆ ಕಣ್ಣು ಬೇಕಲ್ಲ. 2021ರಲ್ಲಿ ಪುನೀತ್ ರಾಜಕುಮಾರ್ ಹೋದಾಗ ನೇತ್ರದಾನಕ್ಕೆ ಜನ ಸಾಲುಗಟ್ಟಿದರು, ನಾನೂ ಹೆಸರು ಬರೆಸಿದೆ. ಪೊರೆಯ ಆಪರೇಷನ್ ಆಗಿದೆಯಲ್ಲ, ನಿಮ್ಮ ಕಣ್ಣು ಯಾರಿಗೆ ಬೇಕು ಎಂದು ಮನೆಯಾಕೆ ನಕ್ಕಳು. ತೆಗೆದುಕೊಳ್ಳುವುದು ಮುಂದಿನ ಗಾಜನ್ನು, ಮಸೂರವನ್ನಲ್ಲ. ತೀರಿಕೊಂಡ ಆರು ಗಂಟೆಯೊಳಗೆ ತೆಗೆಯಬೇಕು, ಹಾಗಾಗಿ ಕೂಡಲೇ ನೇತ್ರಬ್ಯಾಂಕಿಗೆ ಕರೆ ಮಾಡಬೇಕು ಎಂಬುದನ್ನು ಮಾತ್ರ ಅವಳಿಗೆ ಬಾಯಿಪಾಠ ಮಾಡಿಸಿದ್ದೇನೆ.

ಮೂರೆಕರೆ, ಹಿರೇಕೆರೂರು ತಾಲ್ಲೂಕು · ನವೆಂಬರ್ 28, ರಾತ್ರಿ 10.05

ಅಪ್ಪ ಮನೆಗೆ ಬಂದು ವಾರವಾಯಿತು. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಮೊದಲು ಗಂಟೆಗೊಮ್ಮೆ, ಈಗ ಎರಡು ಗಂಟೆಗೊಮ್ಮೆ. ಅವ್ವ ಅಲಾರಾಂ ಇಟ್ಟುಕೊಂಡಿದ್ದಾಳೆ. ರೆಪ್ಪೆಯ ಅಂಚಿಗೆ ಔಷಧಿ ಸುಣ್ಣ ಬಳಿದಂತೆ ಬೆಳ್ಳಗೆ ಒಣಗುತ್ತದೆ, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಾಳೆ. ಚುಕ್ಕೆಯ ಅರಳೆಯಂಥ ಅಂಚು ಈಗ ಮೊಂಡಾಗಿದೆ, ಒಳ್ಳೆಯ ಲಕ್ಷಣ ಎಂದರು. ಲೋಡ್ ಕಳಿಸಿದ್ದು ತಡವಾಗಿ ಕ್ವಿಂಟಲ್‌ಗೆ ಸ್ವಲ್ಪ ಕಡಿಮೆ ಸಿಕ್ಕಿತು. ಅದನ್ನು ಇಲ್ಲಿ ಬರೆಯಬಾರದೇನೋ, ಆದರೆ ಅಪ್ಪ ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ.

ಮೂರೆಕರೆ, ಹಿರೇಕೆರೂರು ತಾಲ್ಲೂಕು · ಜನವರಿ 16, ಸಂಜೆ 7.30

ಹುಣ್ಣು ಮಾಗಿದೆ. ಚುಕ್ಕೆ ಇದ್ದಲ್ಲಿ ಹೂ ಉಳಿದಿದೆ, ನಟ್ಟ ನಡುವಿನಿಂದ ಒಂಚೂರು ಪಕ್ಕಕ್ಕೆ. ಆ ಕಣ್ಣಿನಲ್ಲಿ ಗೋಡೆ ಗಡಿಯಾರದ ಮುಳ್ಳು ಕಾಣುತ್ತದೆ, ಅಂಕಿ ಕಾಣುವುದಿಲ್ಲ. ಕಸಿಯ ಮಾತು ಈಗ ಬೇಡ, ಆರೇಳು ತಿಂಗಳು ನೋಡೋಣ ಎಂದಿದ್ದಾರೆ. ಎಡಗಣ್ಣಿನಲ್ಲಿ ನಿಜವಾದ ಪೊರೆಯೇ ಶುರುವಾಗಿದೆಯಂತೆ. ಅವಸರವಿಲ್ಲ, ಕೆಲಸಕ್ಕೆ ಅಡ್ಡಿಯಾದಾಗ ಬನ್ನಿ ಎಂದರು. "ಬಲಿಯುವವರೆಗೆ?" ಎಂದು ಅಪ್ಪ ಕೇಳಿದರು. "ಅಡ್ಡಿಯಾಗುವವರೆಗೆ" ಎಂದು ಡಾಕ್ಟರು ಮತ್ತೊಮ್ಮೆ ಹೇಳಿದರು.

ಹೊಲಕ್ಕೆ ಹೋಗುವಾಗ ಹಾಕಿಕೊಳ್ಳಲು ವೆಲ್ಡಿಂಗ್ ಅಂಗಡಿಯವರು ಹಾಕುವಂಥ, ಬದಿಗೂ ಮುಚ್ಚಿಗೆ ಇರುವ ಬಿಳಿ ಪ್ಲಾಸ್ಟಿಕ್ ಕನ್ನಡಕ ತಂದುಕೊಟ್ಟಿದ್ದೇನೆ. ಬೆವರಿಗೆ ಮಂಜು ಕಟ್ಟುತ್ತದೆ ಎಂದು ಬೈಯುತ್ತಲೇ ಹಾಕಿಕೊಳ್ಳುತ್ತಾರೆ.

ಪಕ್ಕದ ಮನೆಯ ದೊಡ್ಡಮ್ಮ ನವೆಂಬರ್‌ನಿಂದ ನಮ್ಮ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಸಂಕ್ರಾಂತಿಯ ದಿನ ಅಪ್ಪನೇ ಕುಸುರೆಳ್ಳು ಹಿಡಿದುಕೊಂಡು ಅವರ ಮನೆಗೆ ಹೋದರು. ಅರ್ಧ ಗಂಟೆ ಆದರೂ ಬರಲಿಲ್ಲ, ನಾನು ಇಣುಕಿ ನೋಡಿದೆ. ಇಬ್ಬರೂ ಪಡಸಾಲೆಯಲ್ಲಿ ಕುಳಿತು ಮಾಡಿನ ಡಬ್ಬಿಯನ್ನು ಬುಡಮೇಲು ಮಾಡಿದ್ದರು. ಏಳು ಬಾಟಲಿ. ಅಪ್ಪ ಒಂದೊಂದನ್ನೇ ಎಡಗಣ್ಣಿನ ಹತ್ತಿರ ಹಿಡಿದು ತಾರೀಖು ಓದುತ್ತಿದ್ದರು. ದೊಡ್ಡಮ್ಮ ಮುಚ್ಚಳ ತೆಗೆದು ಚರಂಡಿಗೆ ಸುರಿಯುತ್ತಿದ್ದರು.